ಹಾಕು ಅಂದರೆ ಹಾಕು, ತೆಗಿ ಅಂದರೆ ತೆಗಿ

ಲೈನ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ನಮ್ಮ ಮನೆಗೆ ಬಂದು ಕೂರುತ್ತಾರೆ. ನಿಮ್ಮ ಕಾಲದಲ್ಲಿ ಹೆಂಗಿತ್ತು ಸಾಬ್ರೇ ಅಂತ ಕೇಳುತ್ತಾರೆ. ಹೆಲ್ಪರ್ ಆಗಿ ಸೇರಿದವನು ಏನಾಗಿ ನಿವೃತ್ತನಾದೆ ಅನ್ನುವುದನ್ನು ನಾನು ಅವರಿಗೆ ಹೇಳುವುದಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಅದರಿಂದ ಯಾರಿಗೂ ಉಪಯೋಗವಿಲ್ಲ. ನನ್ನ ಸರ್ವಿಸ್ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದ ಎರಡು ಪುಟಗಳಿವೆ. ನಾನು ಹೇಳುವುದು ಆ ಎರಡು ಪುಟಗಳ ಕಥೆ. ಒಂದಕ್ಕೆ ಇವತ್ತಿಗೂ ತಲೆ ತಗ್ಗಿಸುತ್ತೇನೆ. ಇನ್ನೊಂದಕ್ಕೆ ತಗ್ಗಿಸಿಲ್ಲ, ತಗ್ಗಿಸುವುದೂ ಇಲ್ಲ.

ನನ್ನ ಹೆಸರು ದಸ್ತಗೀರ್. ಊರು ಸಿರಾ. ನಮ್ಮ ಅಬ್ಬಾ ಹಾಸಿಗೆ, ರಜಾಯಿ ಹೊಲಿಯುತ್ತಿದ್ದರು. ಮನೆಮಾತು ಉರ್ದು, ಓದಿದ್ದು ಕನ್ನಡ ಶಾಲೆ. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಬಲ್ಲೆ, ಅರ್ಥ ದೇವರಿಗೇ ಬಿಟ್ಟದ್ದು. ಇಷ್ಟು ಬಂಡವಾಳ ಹಿಡಿದು ಐವತ್ತರ ದಶಕದ ನಡುವಿನಲ್ಲಿ ಸಿರಾದ ವಿದ್ಯುತ್ ಕಚೇರಿಯಲ್ಲಿ ಹೆಲ್ಪರ್ ಆದೆ. ಏಣಿ ಹೊರುವುದು, ತಂತಿ ಎಳೆಯುವುದು, ಗುಂಡಿ ತೋಡುವುದು ಹೆಲ್ಪರ್ ಕೆಲಸ. ಕಂಬ ಹತ್ತುವವರು ಮೇಸ್ತ್ರಿ. ನಮ್ಮ ಮೇಸ್ತ್ರಿ ಹನುಮಂತರಾಯಪ್ಪನವರು.

ಅವರು ಎಣ್ಣೆ ಹಚ್ಚಿದ ಮೀಸೆಯ, ಕಡಿಮೆ ಮಾತಿನ ಮನುಷ್ಯ. ನಾನು ಸೇರಿದ ವಾರವೇ ಒಂದು ಮಧ್ಯಾಹ್ನ ಊಟವಾದ ಮೇಲೆ ಒಂದು ಟಾರ್ಚ್ ಸೆಲ್ಲು, ಕಡಲೆಕಾಯಿ ಗಾತ್ರದ ಬಲ್ಬು, ಎರಡು ತುಂಡು ತಂತಿ ಹಿಡಿದು ನನ್ನ ಎದುರಿಗೆ ಕೂತರು. ಒಂದು ತಂತಿಯನ್ನು ಸೆಲ್ಲಿನ ತಲೆಗೂ ಬಲ್ಬಿಗೂ ಮುಟ್ಟಿಸಿದರು. ಬಲ್ಬು ಹತ್ತಲಿಲ್ಲ.

"ಯಾಕ್ಲಾ ಹತ್ತಲಿಲ್ಲ?"

"ಗೊತ್ತಿಲ್ಲ ಮೇಸ್ತ್ರಿ."

"ಹೋಗಕ್ಕೆ ದಾರಿ ಐತೆ, ಬರಕ್ಕೆ ದಾರಿ ಇಲ್ಲ. ಇದು ಕಾಲುವೆ ನೀರಲ್ಲ ಕಣ್ಲಾ, ಹೋದಂಗೇ ಹೋಗ್ಬುಡಕ್ಕೆ. ಹೊಂಟ ಜಾಗಕ್ಕೇ ವಾಪಸ್ ಬರ್ಬೇಕು. ಸುತ್ತು ಕೂಡ್ಬೇಕು."

ಎರಡನೆಯ ತಂತಿಯನ್ನು ಬಲ್ಬಿನಿಂದ ಸೆಲ್ಲಿನ ಬುಡಕ್ಕೆ ಮುಟ್ಟಿಸಿದರು. ಹತ್ತಿತು. ಬುಡದಲ್ಲಿ ಬಿಡಿಸಿದರು, ಆರಿತು. ಅಲ್ಲಿ ಮುಟ್ಟಿಸಿ, ತಲೆಯ ಹತ್ತಿರ ಬಿಡಿಸಿದರು, ಆಗಲೂ ಆರಿತು. ಎಲ್ಲಿ ಬಿಡಿಸಿದರೂ ಒಂದೇ. ಸುತ್ತಿನಲ್ಲಿ ಎಲ್ಲಾದರೂ ಒಂದು ಕಡೆ ಸಂದು ಬಿದ್ದರೆ ಇಡೀ ಸುತ್ತು ನಿಂತುಹೋಗುತ್ತದೆ.

ನನಗೊಂದು ಅನುಮಾನ ಬಂತು. "ಮೇಸ್ತ್ರಿ, ಬಿಡಿಸಿದ ತುದೀಲಿ ಕರೆಂಟು ಸುರಿದು ಹೋಗಲ್ವಾ?"

ಹನುಮಂತರಾಯಪ್ಪನವರು ನಗಲಿಲ್ಲ. "ಸುರಿಯಕ್ಕಿಲ್ಲ. ಅಲ್ಲೇ ಕಾಯ್ಕಂಡು ನಿಂತಿರ್ತದೆ. ಹರೀತಾ ಇಲ್ಲ ಅಂತ ಸತ್ತೋಗೈತೆ ಅನ್ಕಬೇಡ. ದಾರಿಗೆ ಕಾಯ್ತಿರ್ತದೆ. ನೀನು ಹೋಗಿ ಮುಟ್ಟಿದ್ರೆ ನೀನೇ ದಾರಿ."

ಆಮೇಲೆ ಹೇಳಿದ ಮಾತು ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು. "ಸುತ್ತು ಕೂಡ್ಸದಕ್ಕೆ ಹಾಕು ಅಂತೀವಿ. ಬಿಡಿಸದಕ್ಕೆ ತೆಗಿ ಅಂತೀವಿ. ಬಾಗ್ಲು ಇದ್ದಂಗೆ. ಬಾಗ್ಲು ಹಾಕಿದ್ರೆ ಎರಡು ರೆಕ್ಕೆ ಕೂಡ್ಕತವೆ, ತೆಗುದ್ರೆ ಸಂದಾಯ್ತದೆ. ಸ್ವಿಚ್ಚೂ ಅಂಗೇ. ಹಾಕು ಅಂದ್ರೆ ಹಾಕು, ತೆಗಿ ಅಂದ್ರೆ ತೆಗಿ. ಇವೆರಡು ಬುಟ್ಟು ಬೇರೆ ಮಾತು ಆಡ್ಬೇಡ."

ನಾನು ಎರಡು ವರ್ಷ ಆ ಎರಡೇ ಮಾತಿನಲ್ಲಿ ಕೆಲಸ ಮಾಡಿದೆ. ಒಂದು ತಪ್ಪೂ ಆಗಲಿಲ್ಲ.

ಆಮೇಲೆ ಶೇಷಗಿರಿರಾಯರು ಸೂಪರ್‌ವೈಸರ್ ಆಗಿ ಬಂದರು. ಬೆಂಗಳೂರಿನಲ್ಲಿ ಡಿಪ್ಲೊಮಾ ಓದಿದವರು. ಕೆಟ್ಟವರಲ್ಲ, ಕೆಲಸದಲ್ಲಿ ಕಟ್ಟುನಿಟ್ಟು. ಆದರೆ ಇಲಾಖೆಯ ಭಾಷೆ ಇಂಗ್ಲಿಷು ಅನ್ನುವುದು ಅವರಿಗೆ ವೇದವಾಕ್ಯ. ಹಾಕು, ತೆಗಿ ಅಂದರೆ ಮುಖ ಹುಳ್ಳಗೆ ಮಾಡುತ್ತಿದ್ದರು. "ಇದೇನು ಒಲೆಗೆ ಸೌದೆ ಹಾಕೋ ಕೆಲಸವೇನಯ್ಯಾ? ಓಪನ್, ಕ್ಲೋಸ್ ಅಂತ ಹೇಳಿ ಅಭ್ಯಾಸ ಮಾಡ್ಕೊಳ್ಳಿ." ಹೂಂ ಸಾರ್ ಅಂದೆವು. ಯಾವುದಕ್ಕೆ ಯಾವುದು ಅಂತ ಅವರು ಬಿಡಿಸಿ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಮ್ಮ ನಮ್ಮಲ್ಲಿ ಹಾಕು, ತೆಗಿ ನಡೆದೇ ಇತ್ತು.

ಪಟ್ಟನಾಯಕನಹಳ್ಳಿಯಲ್ಲಿ ಒಂದು ಬೀದಿಯ ಲೈನು ಜೋತುಬಿದ್ದಿತ್ತು. ಬೆಳಗ್ಗೆ ಹತ್ತರ ಸುಮಾರಿಗೆ ಟ್ರಾನ್ಸ್‌ಫಾರ್ಮರ್ ಹತ್ತಿರದ ಸ್ವಿಚ್ಚನ್ನು ಹನುಮಂತರಾಯಪ್ಪನವರೇ ತೆಗೆದರು. ಅದು ಕಬ್ಬಿಣದ ಪೆಟ್ಟಿಗೆಯ ಸ್ವಿಚ್ಚು. ಪಕ್ಕದ ಹಿಡಿ ಮೇಲಕ್ಕೆ ಎತ್ತಿದರೆ ಹಾಕಿದಂತೆ, ಕೆಳಕ್ಕೆ ಇಳಿಸಿದರೆ ತೆಗೆದಂತೆ. "ಇಲ್ಲೇ ನಿಂತ್ಕ. ನಾನು ಬಂದು ಹಾಕು ಅನ್ನೋಗಂಟ ಮುಟ್ಬೇಡ" ಅಂತ ಹೇಳಿ ಅರ್ಧ ಮೈಲಿ ಆಚೆ, ರಸ್ತೆಯ ತಿರುವಿನ ಹಿಂದಿದ್ದ ಕಂಬಕ್ಕೆ ಹೋದರು. ನನಗೆ ಅವರು ಕಾಣುತ್ತಿರಲಿಲ್ಲ.

ಒಂದೂವರೆ ಗಂಟೆ ಕಳೆದಿರಬಹುದು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬ ರೈತ ಇಳಿದು ಒಂದು ಚೀಟಿ ಕೊಟ್ಟ. "ಕಂಬದ ತಾವ ಸಾಹೇಬ್ರು ಕೊಟ್ರು" ಅಂದ, ಹೊರಟುಹೋದ. ಶೇಷಗಿರಿರಾಯರು ಕೆಲಸ ನೋಡಲು ಬಂದಿದ್ದಾರೆ ಅಂತ ಗೊತ್ತಾಯಿತು. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಮೂರೇ ಪದ. ಅಕ್ಷರ ಕೂಡಿಸಿ ಓದಿದೆ. ಕೀಪ್ ಸ್ವಿಚ್ ಓಪನ್.

ಕೀಪ್ ಗೊತ್ತಿರಲಿಲ್ಲ. ಸ್ವಿಚ್ ಗೊತ್ತಿತ್ತು. ಓಪನ್ ಕೂಡ ಗೊತ್ತಿತ್ತು. ಸಿರಾ ಪೇಟೆಯ ಔಷಧದ ಅಂಗಡಿಯ ಬಾಗಿಲಿಗೆ ಆ ಪದದ ಹಲಗೆ ನೇತುಹಾಕುತ್ತಿದ್ದರು. ಓಪನ್ ಅಂತ ಇದ್ದರೆ ವ್ಯಾಪಾರ ನಡೆಯುತ್ತಿದೆ, ಒಳಗೆ ಹೋಗಬಹುದು. ನಲ್ಲಿ ಓಪನ್ ಮಾಡಿದರೆ ನೀರು ಬರುತ್ತದೆ. ಹಿಡಿ ನೋಡಿದೆ. ಕೆಳಗಿತ್ತು, ಬಂದ್ ಆಗಿತ್ತು. ಓಹೋ, ಕೆಲಸ ಮುಗಿದಿದೆ, ಚಾಲೂ ಮಾಡು ಅಂತ ಸಾಹೇಬರು ಬರೆದಿದ್ದಾರೆ ಅಂದುಕೊಂಡೆ. ಮೇಸ್ತ್ರಿ ಹೇಳಿದ್ದು ಮನಸ್ಸಿಗೆ ಬಂತು. ಆದರೆ ಮೇಸ್ತ್ರಿಗಿಂತ ದೊಡ್ಡವರು ಬರೆದು ಕಳಿಸಿದ್ದಾರಲ್ಲ.

ಹಿಡಿ ಎತ್ತಿದೆ.

ಪೆಟ್ಟಿಗೆಯೊಳಗೆ ಟಪ್ ಅಂತ ಫ್ಯೂಸು ಹಾರಿತು. ಕೂಡಲೇ ತಿರುವಿನ ಹಿಂದಿನಿಂದ ಜನರ ಕೂಗು ಕೇಳಿಸಿತು. ನಾನು ಓಡಿದೆ. ಆ ಅರ್ಧ ಮೈಲಿ ಓಡಿದ್ದು ನನ್ನ ಕಾಲಿಗೆ ಈಗಲೂ ನೆನಪಿದೆ.

ಹನುಮಂತರಾಯಪ್ಪನವರು ಕಂಬದ ಬುಡದಲ್ಲಿ ಬಿದ್ದಿದ್ದರು. ಕರೆಂಟು ಬರುವ ಫೇಸಿನ ತಂತಿಯನ್ನೂ ಅದು ವಾಪಸ್ ಹೋಗುವ ನ್ಯೂಟ್ರಲ್ ತಂತಿಯನ್ನೂ ಒಟ್ಟಿಗೆ ಎಳೆದು ಬಿಗಿಯುವಾಗ ಅವೆರಡೂ ಒಂದಕ್ಕೊಂದು ತಾಗಿಕೊಂಡಿದ್ದವು. ದೀಪವಿಲ್ಲ, ಮೋಟಾರಿಲ್ಲ, ನಡುವೆ ತಡೆ ಅನ್ನುವುದೇ ಇಲ್ಲದೆ ಸುತ್ತು ಕೂಡಿಬಿಟ್ಟಿತ್ತು. ಇದನ್ನೇ ಶಾರ್ಟ್ ಅನ್ನುವುದು. ಕಿಡಿ ಹಾರಿ ಅದರ ಝಳಕ್ಕೆ ಬಲಗೈ ಬೆಂದಿತ್ತು, ಬೆಚ್ಚಿ ಕೆಳಕ್ಕೆ ಬಿದ್ದಿದ್ದರು. ಅದೇ ಶಾರ್ಟಿನಿಂದ ಫ್ಯೂಸು ಹಾರಿದ್ದಕ್ಕೆ ಜೀವ ಉಳಿದಿತ್ತು. ತಂತಿಗಳು ಬೇರೆ ಬೇರೆ ಇದ್ದು, ಅವರ ಕೈ ಫೇಸಿನ ಮೇಲೆ ಇದ್ದಿದ್ದರೆ ಫ್ಯೂಸು ಹಾರುತ್ತಿರಲಿಲ್ಲ. ಅವರೇ ದಾರಿಯಾಗುತ್ತಿದ್ದರು.

ಶೇಷಗಿರಿರಾಯರು ತಮ್ಮ ಕೋಟನ್ನು ತೆಗೆದು ಅವರಿಗೆ ಹೊದಿಸಿದ್ದರು. ನನ್ನನ್ನು ನೋಡಿ ಎದ್ದು ನಿಂತರು. "ತೆಗೆದಿಟ್ಟಿರು ಅಂತ ಬರೆದಿದ್ದೆನಲ್ಲಯ್ಯ" ಅಂದರು. ಅವರ ಬಾಯಿಂದ ಕನ್ನಡದಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಅವತ್ತು ಸಂಜೆ ಮನೆಗೆ ಹೋಗಿ ಗೋಡೆಗೆ ಒರಗಿ ಕೂತಿದ್ದೆ. ಅಮ್ಮಿ ತಂಗಿಗೆ ಹೇಳುತ್ತಿದ್ದಳು, ದರ್ವಾಜಾ ಬಂದ್ ಕರ್, ಬತ್ತಿ ಬಂದ್ ಕರ್. ನನಗೆ ಥಟ್ಟನೆ ತಿಳಿಯಿತು. ನಮ್ಮ ಮಾತಿನಲ್ಲಿ ಬಾಗಿಲು ಹಾಕುವುದೂ ಬಂದ್, ದೀಪ ಆರಿಸುವುದೂ ಬಂದ್. ಕ್ಲೋಸ್ ಅಂದರೆ ಬಂದ್, ಬಂದ್ ಅಂದರೆ ನಿಂತಿತು. ನನ್ನ ತಲೆಯೊಳಗೆ ಓಪನ್ ಅನ್ನುವುದು ಚಾಲೂ ಆಗಿ ಕೂತಿದ್ದು ಹೀಗೆ. ಕರೆಂಟಿಗೆ ಅದು ಪೂರಾ ಉಲ್ಟಾ. ಕ್ಲೋಸ್ ಆದರೆ ಹರಿಯುತ್ತದೆ, ಓಪನ್ ಆದರೆ ನಿಲ್ಲುತ್ತದೆ. ಕನ್ನಡದ ಹಾಕು, ತೆಗಿಗಳಲ್ಲಿ ಈ ಗೊಂದಲವೇ ಇಲ್ಲ. ಬಾಗಿಲಿಗೂ ಕರೆಂಟಿಗೂ ಅವು ಒಂದೇ ಕಡೆ ತಿರುಗುತ್ತವೆ.

ವಿಚಾರಣೆಗೆ ತುಮಕೂರಿನಿಂದ ಇಂಜಿನಿಯರು ಬಂದರು. ಅದರ ಹಿಂದಿನ ದಿನ ಕಚೇರಿಯ ಗುಮಾಸ್ತರು ಒಂದು ಹಾಳೆ ತಂದು ರುಜು ಮಾಡು ಅಂದರು. ಏನು ಬರೆದಿದೆ ಅಂತ ಕೇಳಿದೆ. ಸ್ವಿಚ್ಚಿನ ಕೆಲಸ ಕಲಿಸದೆಯೇ ಮೇಸ್ತ್ರಿ ನನ್ನನ್ನು ಅಲ್ಲಿ ನಿಲ್ಲಿಸಿ ಹೋದರು ಅಂತ ಬರೆದಿತ್ತು. ರುಜು ಮಾಡಿದರೆ ನನಗೆ ಎಚ್ಚರಿಕೆಯಷ್ಟೇ, ಆಸ್ಪತ್ರೆಯಲ್ಲಿ ಮಲಗಿದ್ದವರ ಮೇಲೆ ತಪ್ಪು. ನಾನು ಹಾಳೆಯನ್ನು ಮೇಜಿನ ಮೇಲೆ ಇಟ್ಟು ಎದ್ದುಬಂದೆ.

ಇಂಜಿನಿಯರ ಮುಂದೆ ಹೇಳಿದೆ, "ಮೇಸ್ತ್ರಿ ನನಗೆ ಕಲಿಸಿದ್ರು ಸಾರ್. ಚೆನ್ನಾಗೇ ಕಲಿಸಿದ್ರು. ತಾನು ಬಂದು ಹೇಳೋವರೆಗೆ ಮುಟ್ಟಬೇಡ ಅಂದಿದ್ರು. ಮುಟ್ಟಿದ್ದು ನಾನು. ತಪ್ಪು ನನ್ನದು. ಆದರೆ ಆ ಚೀಟಿಯಲ್ಲಿ ತೆಗೆದಿರಲಿ ಅಂತ ಒಂದು ಕನ್ನಡದ ಮಾತು ಇದ್ದಿದ್ರೆ ಮೇಸ್ತ್ರಿ ಕೈ ಬೇಯ್ತಿರಲಿಲ್ಲ. ಅದನ್ನೂ ಬರ್ಕೊಳ್ಳಿ."

ಬರೆದುಕೊಂಡರೋ ಇಲ್ಲವೋ ಗೊತ್ತಿಲ್ಲ. ಶಿಕ್ಷೆಯನ್ನಂತೂ ಬರೆದರು. ಅದು ಮೊದಲನೆಯ ಕೆಂಪು ಪುಟ. ಕೊರಟಗೆರೆಗೆ ವರ್ಗವೂ ಆಯಿತು.

ಹೋಗುವ ಮುಂಚೆ ಆಸ್ಪತ್ರೆಗೆ ಹೋದೆ. ಹನುಮಂತರಾಯಪ್ಪನವರ ಬಲಗೈಗೆ ಮೊಣಕೈವರೆಗೂ ಬಟ್ಟೆ ಸುತ್ತಿತ್ತು. ಅವರ ಹೆಂಡತಿ ನನ್ನನ್ನು ಕಂಡು ಮುಖ ತಿರುಗಿಸಿಕೊಂಡು ಹೊರಗೆ ಹೋದರು. ನಾನು ಮಂಚದ ಪಕ್ಕ ನಿಂತು ಅತ್ತೆ. ಮೇಸ್ತ್ರಿ ಅಳಲು ಬಿಟ್ಟರು. ಆಮೇಲೆ ಹೇಳಿದರು, "ಇಂಗ್ಲಿಷ್ ಬರ್ನಿಲ್ಲ ಅನ್ನದು ತಪ್ಪಲ್ಲ ಕಣ್ಲಾ. ಗೊತ್ತಿಲ್ದೆ ಇದ್ರೂ ಗೊತ್ತೈತೆ ಅನ್ಕಂಡೆ ನೋಡು, ಅದು ತಪ್ಪು. ಅರ್ಧ ಮೈಲಿ. ನಡ್ಕಂಡ್ ಬಂದು ಒಂದ್ ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವರ ಬೆರಳುಗಳು ಮತ್ತೆ ಮಡಚಲಿಲ್ಲ. ಕಂಬ ಬಿಟ್ಟು ಉಗ್ರಾಣದ ಕೆಲಸಕ್ಕೆ ಹಾಕಿದರು. ಅಲ್ಲಿ ಎಡಗೈಯಲ್ಲಿ ಬರೆಯುವುದನ್ನು ಕಲಿತರು.

ಕೊರಟಗೆರೆಗೆ ನಾನು ಬೇರೆ ಮನುಷ್ಯನಾಗಿ ಹೋದೆ. ಸ್ವಿಚ್ಚಿನ ವಿಷಯದಲ್ಲಿ ಕನ್ನಡ ಬಿಟ್ಟು ಬೇರೆ ಭಾಷೆಯ ಹುಕುಂ ತೆಗೆದುಕೊಳ್ಳುವುದಿಲ್ಲ ಅಂತ ನಿಶ್ಚಯಿಸಿದ್ದೆ. ಅಲ್ಲಿನ ಲಾಗ್ ಪುಸ್ತಕದಲ್ಲಿ ಯಾವ ಸ್ವಿಚ್ಚನ್ನು ಎಷ್ಟು ಹೊತ್ತಿಗೆ ಏನು ಮಾಡಿದೆ ಅಂತ ಬರೆಯಬೇಕಿತ್ತು. ನಾನು ತೆಗೆದೆ, ಹಾಕಿದೆ ಅಂತ ಬರೆದೆ. ಮೇಲಿನವರು ಇಂಗ್ಲಿಷಿನಲ್ಲಿ ಮೆಮೊ ಕೊಟ್ಟರು. ಓದಲು ಬಾರದ್ದರಿಂದ ವಾಪಸ್ ಮಾಡಿದ್ದೇನೆ, ದಯವಿಟ್ಟು ಕನ್ನಡದಲ್ಲಿ ಬೈಯಿರಿ ಅಂತ ಅದರ ಹಿಂದೆ ಬರೆದು ಕಳಿಸಿದೆ. ಕಚೇರಿಯಲ್ಲಿ ಒಂದು ವಾರ ಅದೇ ಮಾತು. ಉದ್ಧಟ ಅಂತ ಹೆಸರು ಬಂತು. ಆ ಹೆಸರನ್ನು ನಾನು ತೊಳೆದುಕೊಳ್ಳಲು ಹೋಗಲಿಲ್ಲ.

ಕೊರಟಗೆರೆಯಲ್ಲಿ ನಡೆದ ಒಂದು ಸಂಗತಿಯನ್ನು ನೀವು ಮರೆಯಬಾರದು. ಕೋಟೆ ಬೀದಿಯ ಒಂದು ಮನೆಯಿಂದ ದೂರು ಬಂತು, ದೀಪ ಆರಿಸಿದರೂ ಶಾಕ್ ಹೊಡೆಯುತ್ತದೆ ಅಂತ. ನನ್ನ ಮೇಲಿನವರು ಮುದುಕಿಯ ಭ್ರಮೆ ಅಂದರು. ನಾನು ಹೋದೆ. ಆ ಮನೆಯ ಅಜ್ಜಿಯ ಹೆಸರು ಪುಟ್ಟಮ್ಮ. ಬಲ್ಬು ಒರೆಸಲು ಹೋದಾಗಲೆಲ್ಲ ಜುಂ ಅನ್ನುತ್ತದೆ ಅಂದರು.

"ಸ್ವಿಚ್ ತೆಗೆದೇ ಒರೆಸಿದ್ರಾ ಅಜ್ಜಿ?"

"ತೆಗುದೇ ಕಣಪ್ಪ. ದೀಪ ಆರಿತ್ತು. ಆದ್ರೂ ಕಚ್ತು."

ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದೆ. ವೈರಿಂಗ್ ಮಾಡಿದವನು ಸ್ವಿಚ್ಚನ್ನು ಕರೆಂಟು ಬರುವ ಫೇಸ್ ತಂತಿಗೆ ಕೂರಿಸುವ ಬದಲು ವಾಪಸ್ ಹೋಗುವ ನ್ಯೂಟ್ರಲ್ ತಂತಿಗೆ ಕೂರಿಸಿದ್ದ. ಸ್ವಿಚ್ ತೆಗೆದರೆ ಸುತ್ತು ಬಿಡುತ್ತದೆ, ದೀಪ ಆರುತ್ತದೆ, ನೋಡುವವರಿಗೆ ಎಲ್ಲ ಸರಿಯೇ. ಆದರೆ ಹೋಲ್ಡರ್‌ವರೆಗೂ ಕರೆಂಟು ಬಂದು ನಿಂತಿರುತ್ತದೆ. ಅಜ್ಜಿಯ ಬೆರಳು ಮುಟ್ಟಿದರೆ ಅಜ್ಜಿಯ ಮೈಯಿಂದ ನೆಲಕ್ಕೆ ದಾರಿ. ಬಿಡಿಸಿ ಹೇಳಿದೆ. ಪುಟ್ಟಮ್ಮ, "ಅಂಗಾರೆ ಕಚ್ಚೋ ನಾಯ್ನ ಮನೆ ಒಳಗೇ ಬುಟ್ಕಂಡು ಹಿತ್ಲ ಬಾಗ್ಲಿಗೆ ಅಗಳಿ ಇಕ್ಕವ್ರೆ ಅನ್ನು" ಅಂದರು. ಡಿಪ್ಲೊಮಾ ಪುಸ್ತಕದಲ್ಲಿ ಇದಕ್ಕಿಂತ ಚೆನ್ನಾಗಿ ಬರೆದಿರಲಾರರು. ದೀಪ ಆರಿದೆ ಅನ್ನುವುದು ಕರೆಂಟಿಲ್ಲ ಅನ್ನುವುದಕ್ಕೆ ಸಾಕ್ಷಿಯಲ್ಲ. ಆ ಮನೆಯ ತಂತಿ ಬದಲಾಯಿಸಿ ಬಂದ ಮೇಲೆ ಆ ವೈರ್‌ಮನ್ ಕೆಲಸ ಮಾಡಿದ್ದ ಮನೆಗಳನ್ನೆಲ್ಲ ಹುಡುಕಿ ಹೋಗಿ ನೋಡಿದೆ. ಯಾರು ನಿನಗೆ ಹೇಳಿದ್ದು ಅಂತ ಮೇಲಿನವರು ಕೇಳಿದರು. ಪುಟ್ಟಮ್ಮ ಹೇಳಿದ್ದು ಅಂದೆ.

ಅರವತ್ತರ ದಶಕದಲ್ಲಿ ಮಧುಗಿರಿಯ ಸಬ್‌ಸ್ಟೇಷನ್ನಿಗೆ, ಲೈನುಗಳ ಸ್ವಿಚ್ ನೋಡಿಕೊಳ್ಳುವ ಕೆಲಸಕ್ಕೆ ಬಂದೆ. ಅಷ್ಟರಲ್ಲಿ ಪದ್ಧತಿಗಳು ಬದಲಾಗುತ್ತಿದ್ದವು. ಲೈನಿನ ಮೇಲೆ ಕೆಲಸ ಮಾಡುವ ಮುಂಚೆ ತಂತಿಗಳನ್ನೆಲ್ಲ ಸರಪಳಿಯಿಂದ ಕೂಡಿಸಿ ನೆಲಕ್ಕೆ ಅರ್ಥ್ ಮಾಡಬೇಕು, ಯಾರಾದರೂ ತಪ್ಪಿ ಹಾಕಿದರೂ ಕರೆಂಟು ನೆಲಕ್ಕೆ ಹೋಗಲಿ ಅಂತ. ಸ್ವಿಚ್ಚಿಗೆ ಬೀಗ ಬಂತು. ಲೈನ್ ಕ್ಲಿಯರ್ ಚೀಟಿ ಬಂತು. ಕೆಲಸ ಮಾಡುವವನು ಸ್ವಿಚ್ಚಿನವನಿಂದ ಆ ಚೀಟಿ ಪಡೆದು ಹೋಗಬೇಕು. ಕೆಲಸ ಮುಗಿಸಿ ಆಳುಗಳನ್ನೆಲ್ಲ ಇಳಿಸಿ, ಅರ್ಥ್ ಬಿಚ್ಚಿ, ಅವನೇ ರುಜು ಹಾಕಿ ವಾಪಸ್ ಕೊಡಬೇಕು. ಆಮೇಲೆ ಮಾತ್ರ ಹಾಕಬೇಕು. ಕಾಗದದ ಮೇಲೆ ಚೆನ್ನಾಗಿತ್ತು. ಅವಸರ ಬಂದಾಗ ಎಲ್ಲರೂ ಫೋನಿನಲ್ಲೇ ಮುಗಿಸುತ್ತಿದ್ದರು.

ನಾನು ಮಧುಗಿರಿಗೆ ಬಂದು ಸ್ವಲ್ಪ ದಿನಕ್ಕೆ ಶೇಷಗಿರಿರಾಯರೂ ಅಲ್ಲಿಗೇ ಬಂದರು, ಆಗ ಸೆಕ್ಷನ್ ಆಫೀಸರ್ ಆಗಿ. ಸಿರಾದ ಮಾತನ್ನು ನಾವಿಬ್ಬರೂ ಎತ್ತಲಿಲ್ಲ.

ಒಂದು ಬೆಳಗ್ಗೆ ಪಾವಗಡದ ಗ್ಯಾಂಗಿನ ಮೇಸ್ತ್ರಿ ಓಬಳೇಶ ಬಂದು ನನ್ನಿಂದ ಲೈನ್ ಕ್ಲಿಯರ್ ತೆಗೆದುಕೊಂಡು ಹೋದ. ಮಿಡಿಗೇಶಿ ಆಚೆ ಕಂಬಗಳ ಮೇಲೆ ತಂತಿ ಕೂರಿಸುವ, ಒಡೆದುಹೋದ ಪಿಂಗಾಣಿ ಬಟ್ಟಲುಗಳನ್ನು ಬದಲಾಯಿಸುವ ಕೆಲಸ. ಆರು ಜನ ಆಳು. ಪಾವಗಡದ ಲೈನಿನ ಸ್ವಿಚ್ಚನ್ನು ತೆಗೆದು ಬೀಗ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಂಡೆ.

ಅವತ್ತು ಪಾವಗಡದಲ್ಲಿ ಹೊಸ ಹೈಸ್ಕೂಲ್ ಕಟ್ಟಡದ ಉದ್ಘಾಟನೆ. ಬೆಂಗಳೂರಿನಿಂದ ಮಂತ್ರಿಗಳು ಬರುವವರಿದ್ದರು. ಮೈಕು, ಫ್ಯಾನು ಎಲ್ಲದಕ್ಕೂ ಕರೆಂಟು ಬೇಕು. ಹನ್ನೊಂದೂವರೆಗೆ ಫೋನು ಬಂತು. ಶೇಷಗಿರಿರಾಯರು ಕಚೇರಿಯಿಂದ ಮಾತಾಡುತ್ತಿದ್ದರು.

"ದಸ್ತಗೀರ್, ಪಾವಗಡ ಲೈನ್ ಕ್ಲೋಸ್ ಮಾಡು."

"ಕನ್ನಡದಲ್ಲಿ ಹೇಳಿ ಸಾರ್."

"ಹಾಕಪ್ಪ, ಹಾಕು. ಸಾಕಾ?"

"ಓಬಳೇಶ ಚೀಟಿ ವಾಪಸ್ ಕೊಟ್ಟಿಲ್ಲ ಸಾರ್."

"ಕೆಲಸ ಮುಗಿದಿದೆ ಅಂತ ಪಾವಗಡ ಆಫೀಸಿಂದ ಈಗ ತಾನೇ ಫೋನ್ ಬಂತು."

"ಓಬಳೇಶ ಮಾತಾಡಿದ್ನಾ?"

"ಓಬಳೇಶನೇ ಯಾಕೆ ಮಾತಾಡಬೇಕು? ಆಫೀಸಿನವರು ಹೇಳಿದ್ದಾರೆ."

"ಚೀಟಿ ತಗೊಂಡು ಹೋದೋನು ಅವನು. ಅವನೇ ಬರ್ಬೇಕು ಸಾರ್."

ಕಾಲು ಗಂಟೆಯಲ್ಲಿ ಜೀಪು ಬಂತು. ಶೇಷಗಿರಿರಾಯರ ಹಣೆಯಲ್ಲಿ ಬೆವರು. ಮೇಲಿನವರು ಅವರ ಕುತ್ತಿಗೆಯ ಮೇಲೆ ಕೂತಿದ್ದರು, ಅದು ನನಗೂ ಕಾಣುತ್ತಿತ್ತು. ಕೀಲಿ ಕೊಡು ಅಂದರು. ನಾನು ಕೊಡಲಿಲ್ಲ. ಸ್ವಿಚ್ಚಿನ ಹಿಡಿಗೆ ಬೆನ್ನು ಕೊಟ್ಟು ನಿಂತೆ.

"ಇದು ಆಜ್ಞೆ. ಬರವಣಿಗೆಯಲ್ಲಿ ಕೊಡಲಾ?"

"ಬರವಣಿಗೆ ನೋಡಿದ್ದೀನಿ ಸಾರ್" ಅಂದೆ.

ಅವರ ಮುಖ ಬಿಳಿಚಿಕೊಂಡಿತು. ಹಾಗೆ ಅನ್ನಬಾರದಿತ್ತೋ ಏನೋ. ಅಂದುಬಿಟ್ಟೆ. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದೆ, "ನಿಮ್ಮ ಹತ್ರ ಜೀಪಿದೆ. ಮಿಡಿಗೇಶಿಗೆ ಹೋಗಿ ಓಬಳೇಶನ್ನ ಕರ್ಕೊಂಡು ಬನ್ನಿ. ಅವನು ನನ್ನ ಮುಂದೆ ನಿಂತು ಹಾಕು ಅಂದ್ರೆ ಆ ಕ್ಷಣ ಹಾಕ್ತೀನಿ. ಅದಕ್ಕೆ ಮುಂಚೆ ಹಾಕ್ಬೇಕಾದ್ರೆ ನನ್ನನ್ನ ಇಲ್ಲಿಂದ ಎಳೆದು ಬಿಸಾಕಿ ನೀವೇ ಹಾಕಿ. ಬೀಗ ಒಡೀಬೇಕಾಗುತ್ತೆ."

ಅವರು ಬೀಗವನ್ನು ನೋಡಿದರು, ನನ್ನನ್ನು ನೋಡಿದರು. ಎಳೆಸುವುದಕ್ಕೆ ಅವರ ಜೊತೆ ಇಬ್ಬರು ಆಳುಗಳಿದ್ದರು. ಆದರೆ ಅವರು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ಪಟ್ಟನಾಯಕನಹಳ್ಳಿಯ ಕಂಬದ ಬುಡದಲ್ಲಿ ಕೋಟು ಹೊದಿಸಿದವರೂ ಅವರೇ. ಜೀಪು ಹತ್ತಿ ಮಿಡಿಗೇಶಿ ಕಡೆ ಹೋದರು.

ಅವರು ಹೋಗಿ ಬರುವವರೆಗೆ ನಾನು ಆ ಜಾಗ ಬಿಟ್ಟು ಕದಲಲಿಲ್ಲ. ಫೋನು ಮೇಲಿಂದ ಮೇಲೆ ಹೊಡೆದುಕೊಂಡಿತು. ಎತ್ತಲಿಲ್ಲ. ಹೆದರಿಕೆ ಇರಲಿಲ್ಲ ಅಂದರೆ ಸುಳ್ಳು. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಕೆಲಸ ಹೋದರೆ ಅಬ್ಬಾನ ಸೂಜಿದಾರ ಹಿಡಿಯಬೇಕು, ಅದೂ ನನಗೆ ಸರಿಯಾಗಿ ಬಾರದು. ಆದರೂ ಕೈ ಜೇಬಿನ ಕೀಲಿಯನ್ನು ಬಿಡಲಿಲ್ಲ.

ಒಂದೂಕಾಲಿಗೆ ಜೀಪು ವಾಪಸ್ ಬಂತು. ಓಬಳೇಶ ಇಳಿದ. ರುಜು ಹಾಕಿದ ಚೀಟಿಯನ್ನು ಕೈಗೆ ಕೊಟ್ಟ.

"ಆಳುಗಳು?"

"ಆರೂ ಜನ ಕೆಳಗವ್ರೆ. ಅರ್ಥ್ ಬಿಚ್ಚಿದ್ದೀನಿ. ಹಾಕಯ್ಯಾ" ಅಂದ.

ಹಾಕಿದೆ.

ಈಗ ನಿಜ ಹೇಳುತ್ತೇನೆ. ಇಂಥ ಕಥೆಗಳಲ್ಲಿ ಕಂಬದ ಮೇಲೆ ಒಬ್ಬ ಉಳಿದಿರುತ್ತಾನೆ, ಹಟಮಾರಿಯಿಂದ ಅವನ ಜೀವ ಉಳಿಯುತ್ತದೆ. ನನ್ನ ಕಥೆಯಲ್ಲಿ ಯಾರೂ ಉಳಿದಿರಲಿಲ್ಲ. ಪಾವಗಡದ ಆಫೀಸಿನವರು ಹೇಳಿದ್ದು ಸರಿಯಾಗೇ ಇತ್ತು. ಹನ್ನೊಂದಕ್ಕೇ ಕೆಲಸ ಮುಗಿದು, ಓಬಳೇಶನ ಗ್ಯಾಂಗು ನೆರಳಲ್ಲಿ ಕೂತು ಬುತ್ತಿ ಬಿಚ್ಚಿತ್ತು. ಚೀಟಿ ತಲುಪಿಸಲು ಬಸ್ಸಿಗೆ ಕಾಯುತ್ತಿದ್ದರಂತೆ. ಮಂತ್ರಿಗಳು ಮೈಕಿಲ್ಲದೆ ಮಾತಾಡಿದರು, ಹಿಂದೆ ಕೂತವರಿಗೆ ಒಂದು ಅಕ್ಷರ ಕೇಳಿಸಲಿಲ್ಲ. ಮೂರನೆಯ ದಿನಕ್ಕೆ ನಾನು ಸಸ್ಪೆಂಡ್ ಆದೆ.

ಈ ಸಲ ವಿಚಾರಣೆಗೆ ಬಂದ ಇಂಜಿನಿಯರು ಬೇರೆಯವರು, ವಯಸ್ಸಾದವರು. ಕಡತ ತಿರುವಿ ಕನ್ನಡದಲ್ಲೇ ಕೇಳಿದರು.

"ಕಂಬದ ಮೇಲೆ ಯಾರೂ ಇರಲಿಲ್ಲ ಅಂತ ಈಗ ಗೊತ್ತಾಗಿದೆಯಲ್ಲ?"

"ಗೊತ್ತಾಗಿದೆ ಸಾರ್."

"ಅವತ್ತು ಯಾರಾದರೂ ಇದ್ದಾರೆ ಅಂತ ನಿನಗೆ ಗೊತ್ತಿತ್ತೇನು?"

"ಇಲ್ಲ ಸಾರ್."

"ಇದ್ದಾರೆ ಅಂತ ಗೊತ್ತಿರಲಿಲ್ಲ, ಆದರೂ ಹಾಕಲಿಲ್ಲ?"

"ಇಲ್ಲ ಅಂತ ಗೊತ್ತಿರಲಿಲ್ಲ ಸಾರ್. ಅದಕ್ಕೇ ಹಾಕಲಿಲ್ಲ."

"ಇನ್ನೊಂದು ಸಲ ಇಂಥದೇ ಬಂದರೆ?"

"ಹಾಕಲ್ಲ ಸಾರ್."

ತಪ್ಪಾಯಿತು ಅಂತ ಒಂದು ಸಾಲು ಬರೆದುಕೊಡು, ಇಲ್ಲಿಗೇ ಮುಗಿಸೋಣ ಅಂದರು. ನನ್ನ ಮೇಲೆ ಕರುಣೆಯಿಂದಲೇ ಹೇಳಿದರು. ಬರೆಯಲಿಲ್ಲ. ಹೊರಗೆ ಬೆಂಚಿನ ಮೇಲೆ ಶೇಷಗಿರಿರಾಯರು ಕೂತಿದ್ದರು. ಅವರ ಹೇಳಿಕೆಯಲ್ಲಿ, ನೌಕರನು ನಿಯಮದಂತೆ ನಡೆದುಕೊಂಡಿದ್ದಾನೆ, ಆದರೆ ಮೇಲಧಿಕಾರಿಯೊಂದಿಗೆ ಮಾತಿನಲ್ಲಿ ಮರ್ಯಾದೆ ಮೀರಿದ್ದಾನೆ ಅಂತ ಬರೆದಿದ್ದರಂತೆ. ಎರಡೂ ನಿಜ. ಹಾಗಾಗಿ ಕೆಲಸ ಉಳಿಯಿತು, ಕೆಂಪು ಶಾಯಿಯ ಎರಡನೆಯ ಪುಟ ಬಿತ್ತು. ಪಾವಗಡಕ್ಕೆ ವರ್ಗವಾಯಿತು. ಆಗ ಪಾವಗಡಕ್ಕೆ ಹಾಕುವುದೆಂದರೆ ಶಿಕ್ಷೆ ಅಂತಲೇ ಲೆಕ್ಕ.

ಪಾವಗಡದಲ್ಲಿ ಗ್ಯಾಂಗಿನವರು ತಮ್ಮತಮ್ಮಲ್ಲಿ ಆಡುತ್ತಿದ್ದುದು ತೆಲುಗು. ಇನ್ನೊಂದು ಭಾಷೆ ತಗುಲಿಕೊಂಡಿತಲ್ಲ ಅಂತ ಮೊದಲ ದಿನ ಬೇಸರವಾಯಿತು. ಕಿವಿಗೊಟ್ಟು ಕೇಳಿದಾಗ ಗೊತ್ತಾಯಿತು, ಬಾಗಿಲಿಗೂ ಸ್ವಿಚ್ಚಿಗೂ ಅವರು ಅನ್ನುವುದು ಒಂದೇ. ವೆಯ್ಯಿ ಅಂದರೆ ಹಾಕು, ತಿಯ್ಯಿ ಅಂದರೆ ತೆಗಿ. ನಿರಾಳವಾಯಿತು. ಆ ಎರಡು ಮಾತನ್ನು ಅವತ್ತೇ ಕಲಿತೆ.

ಗ್ಯಾಂಗಿನವರು ಮಾತ್ರ ನನ್ನೊಡನೆ ಮಾತಾಡಲಿಲ್ಲ. ಉದ್ಘಾಟನೆಯ ದಿನ ಕರೆಂಟು ತಡವಾಗಿದ್ದಕ್ಕೆ ಅವರಿಗೂ ಮೇಲಿನಿಂದ ಬೈಗುಳ ಬಿದ್ದಿತ್ತು. ನಾಲ್ಕನೆಯ ದಿನ ಓಬಳೇಶ ತಾನಾಗಿ ಬಂದು ಬೀಡಿ ಹಚ್ಚಿ ಎದುರಿಗೆ ಕೂತ.

"ಏಮಯ್ಯಾ ಸಾಬು, ಅವತ್ತು ನಿನ್ನಿಂದ ನಮಗೆಲ್ಲ ಮಂಗಳಾರತಿ ಆಯ್ತು. ನಾವು ಇಳಿದು ಅನ್ನ ತಿಂತಿದ್ವಿ. ಸುಮ್ನೆ ಹಾಕಿದ್ರೆ ಏನೂ ಆಗ್ತಿರಲಿಲ್ಲ."

"ಗೊತ್ತು" ಅಂದೆ. "ನನಗೆ ಅವತ್ತು ಗೊತ್ತಿರಲಿಲ್ಲ."

ಅವನು ಬೀಡಿ ಮುಗಿಸಿ, ನೆಲಕ್ಕೆ ಒತ್ತಿ ಆರಿಸಿ ಎದ್ದ.

"ನಾಳೆ ನಾಗಲಮಡಿಕೆ ಕಡೆ ಕಂಬ ಹತ್ತೋದಿದೆ. ಸ್ವಿಚ್ ಹತ್ರ ಆಫೀಸಿನವರು ಬೇರೆ ಯಾರನ್ನೋ ಹಾಕಿದ್ರು" ಅಂದ. "ನಾನು ಬೇಡ ಅಂದೆ. ನೀನೇ ಬಂದು ನಿಂತ್ಕೋ."